ಒಲೆದೇವರ ಎರಡನೆಯ ಹೆಂಡತಿ

ಟೆಂಗ್ ಮನೆಯ ಒಲೆಯ ಮೇಲಿನ ಗೋಡೆಯಲ್ಲಿ ಒಲೆದೇವರು ಒಬ್ಬಳೇ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ವರ್ಷದಿಂದ ಸುಯುನ್‌ಳ ಅಡುಗೆಯನ್ನು ನೋಡುತ್ತಿದ್ದ. ಮೂರು ವರ್ಷದಿಂದ ಸುಯುನ್ ಕೂಡ ಅವನನ್ನು ನೋಡುತ್ತಿದ್ದಳು. ಇಬ್ಬರ ಸಂಬಂಧ ಅಷ್ಟಕ್ಕಷ್ಟೇ.

ದೇವರ ಮೇಲೆ ಅವಳಿಗೆ ದ್ವೇಷವೇನಿರಲಿಲ್ಲ. ಪಾಪ, ಕಾಗದದ ದೇವರು, ಹೊಗೆ ಕುಡಿದು ಕುಡಿದು ವರ್ಷದ ಕೊನೆಗೆ ಕರ್ರಗಾಗಿರುತ್ತಿದ್ದ. ಹನ್ನೆರಡನೆಯ ತಿಂಗಳಲ್ಲಿ ಅವನ ಬಾಯಿಗೆ ಜಿಗುಟು ಮಿಠಾಯಿ ಸವರಿ, ಚಿತ್ರವನ್ನು ಸುಟ್ಟು ಮೇಲಕ್ಕೆ ಕಳಿಸುತ್ತಾರೆ. ಅವನು ಹೋಗಿ ಈ ಮನೆಯಲ್ಲಿ ಯಾರ್ಯಾರಿದ್ದಾರೆ, ಹೇಗೆ ಬಾಳಿದರು ಎಂದು ಸ್ವರ್ಗದ ದೊರೆಗೆ ಒಪ್ಪಿಸುತ್ತಾನೆ. ಹೊಸ ವರ್ಷದ ಹಿಂದಿನ ದಿನ ಹೊಸ ಕಾಗದದಲ್ಲಿ ಬಂದು ಮತ್ತೆ ಗೋಡೆ ಹಿಡಿಯುತ್ತಾನೆ. ಯಜಮಾನ ಒಮ್ಮೆಯೇ ಮದುವೆಯಾಗಿದ್ದರೆ ಆ ಮನೆಗೆ ಒಂದು ಆಸನದ ಚಿತ್ರ. ಹೆಂಡತಿ ತೀರಿಕೊಂಡು ಇನ್ನೊಬ್ಬಳನ್ನು ತಂದಿದ್ದರೆ ಎರಡು ಆಸನದ ಚಿತ್ರ: ನೋಡುವವರ ಬಲಗೈ ಕಡೆ ಹಿರಿಯಳು, ಎಡಗೈ ಕಡೆ ಕಿರಿಯಳು, ನಡುವೆ ಮೀಸೆ ಇಳಿಬಿಟ್ಟುಕೊಂಡು ದೇವರು. ಹೋದವಳ ಜಾಗ ಹೋಗುವುದಿಲ್ಲ, ಬಂದವಳಿಗೂ ಒಂದು ಜಾಗ ಆಗುತ್ತದೆ.

ಸುಯುನ್ ಬಂದವಳು. ಊರಿಗೆಲ್ಲ ದೇವರನ್ನು ಅಚ್ಚು ಹಾಕಿ ಮಾರುವ ಮನೆಗೆ ಬಂದವಳು. ಆ ಮನೆಯ ಅಡುಗೆಮನೆಯಲ್ಲೇ ಅವಳಿಗೆ ಆಸನವಿರಲಿಲ್ಲ.

“ನಮ್ಮ ಹತ್ರ ಇರೋದು ಒಂದು ಆಸನದ ಅಚ್ಚು ಕಣೇ. ಇರೋದನ್ನ ಅಂಟಿಸಿದೀನಿ,” ಎಂದಿದ್ದ ಗಂಡ ದೆಲಿನ್, ಮೊದಲ ವರ್ಷ. “ದೇವರಿಗೆ ಅಷ್ಟೂ ಗೊತ್ತಾಗಲ್ವಾ?”

“ಚಿತ್ರ ಇಲ್ದೇನೇ ದೇವರಿಗೆ ಎಲ್ಲ ಗೊತ್ತಾಗೋದಾದ್ರೆ ನೀವ್ಯಾಕ್ರೀ ಚಿತ್ರ ಮಾರ್ತೀರಾ?”

ದೆಲಿನ್ ತಲೆ ಕೆರೆದುಕೊಂಡು ಮಸಿ ಕಲಸಲು ಹೋಗಿದ್ದ. ಅವನು ಒಳ್ಳೆಯವನು. ಅದನ್ನು ಬಿಟ್ಟರೆ ಅವನ ಬಗ್ಗೆ ಹೇಳುವುದು ಹೆಚ್ಚೇನೂ ಇಲ್ಲ.

ಉಳಿಯ ವಿದ್ಯೆ ಇದ್ದದ್ದು ಅವನ ಅಪ್ಪನ ಕೈಯಲ್ಲಿ. ಹಿರಿಯ ಟೆಂಗ್ ಆ ವಿದ್ಯೆಯನ್ನು ಮಗನಿಗೆ ಕಲಿಸಲು ಹೋಗಿ ಸೋತು ಸೊಸೆಯರಿಗೆ ಕಲಿಸಿದ್ದ. ಸೊಸೆಯರಿಗೆ ಕಲಿಸಬಹುದು, ಹೆಣ್ಣುಮಕ್ಕಳಿಗೆ ಮಾತ್ರ ಆ ಊರಲ್ಲಿ ಯಾರೂ ಉಳಿ ಮುಟ್ಟಿಸುವುದಿಲ್ಲ, ನಾಳೆ ಮದುವೆಯಾಗಿ ಹೋಗುವಾಗ ಮನೆಯ ಅಚ್ಚನ್ನೂ ಬೆರಳಲ್ಲಿಟ್ಟುಕೊಂಡು ಹೋಗುತ್ತಾರೆಂದು. ಮೊದಲ ಸೊಸೆ ಹ್ವೇಲಾನ್ ನೋಡುನೋಡುತ್ತ ಕಲಿತಿದ್ದಳಂತೆ. ಒಂದು ಆಸನದ ಅಚ್ಚು ಅವಳೇ ಕೆತ್ತಿದ್ದು. ಅದು ಮುಗಿದ ಕೆಲವು ವರ್ಷಕ್ಕೆ ಜ್ವರ ಬಂದು ಹೋದಳು, ಐದು ವರ್ಷದ ಮಗಳು ತಾಂಗ್ಲಿಯನ್ನು ಬಿಟ್ಟು.

ತಾಂಗ್ಲಿಗೆ ಈಗ ಹನ್ನೆರಡು. ಚಿಕ್ಕಮ್ಮನಿಗೆ ಎದುರಾಡುವವಳಲ್ಲ. ಎದುರಾಡಿದ್ದರೆ ಸುಯುನ್‌ಗೂ ಸಲೀಸಾಗುತ್ತಿತ್ತು, ಎರಡು ಮಾತು ಅಂದು ಎರಡು ಮಾತು ಅನ್ನಿಸಿಕೊಂಡು ಮುಗಿಸಬಹುದಿತ್ತು. ಈ ಹುಡುಗಿ “ಹೂಂ ಚಿಕ್ಕಮ್ಮ” ಅನ್ನುವಳು, ಹೇಳಿದ ಕೆಲಸ ಮಾಡುವಳು, ಬಡಿಸಿದ್ದನ್ನು ತಿಂದು ತಟ್ಟೆ ತೊಳೆದಿಟ್ಟು ಹೋಗುವಳು, ಛತ್ರದಲ್ಲಿ ಉಂಡು ಹೋಗುವವರ ಹಾಗೆ.

ಮೂರು ಚಳಿಗಾಲ ಮಾವನ ಬಯ್ಗುಳ ತಿಂದು ಸುಯುನ್ ಉಳಿ ಹಿಡಿಯುವುದನ್ನು ಕಲಿತಳು. ಬಟ್ಟೆಯ ಮಡಿಕೆ, ಕಿರೀಟ, ಕುದುರೆ, ಕೋಳಿ ಎಲ್ಲ ಬಂತು. ಮುಖ ಮಾತ್ರ ಕಷ್ಟಪಟ್ಟು ಬಂತು. ಆ ವರ್ಷ ಕೊಯ್ಲು ಮುಗಿದ ಮಾರನೆಯ ಬೆಳಿಗ್ಗೆ ಗಂಜಿ ಬಡಿಸುತ್ತ ಹೇಳಿದಳು.

“ಮಾವ, ಈ ಸಲ ಎರಡು ಆಸನದ ಅಚ್ಚು ಕೆತ್ತುತ್ತೀನಿ. ನೀವು ಚಿತ್ರ ಬರೆದ್ಕೊಡಿ.”

“ನನ್ನ ಕೈ ನೋಡಿದ್ಯಾ? ಗಂಜಿ ಬಟ್ಲು ಹಿಡ್ಕೊಂಡ್ರೇ ಅರ್ಧ ಗಡ್ಡಕ್ಕೆ ಹೋಗತ್ತೆ.”

“ಒಂದು ಸಲ ಬರೆದ್ಕೊಡಿ. ಎರಡನೇ ಸಲ ಕೇಳಲ್ಲ.”

“ಹಲಗೆ ಎಲ್ಲಿದೆ? ಕಾಡುಪೇರು ಮರದ ಹಲಗೆ ನೆನೆದು ಒಣಗೋಕೆ ಎಷ್ಟು ವರ್ಷ ಬೇಕು ಗೊತ್ತಲ್ಲ? ಅಂಗಳದಲ್ಲಿರೋದೆಲ್ಲ ಹಸಿ.” ಮುದುಕ ಯೋಚಿಸಿದ. “ಒಂದ್ ಕೆಲಸ ಮಾಡು. ಹಳೇ ಅಚ್ಚಿನ ಗೆರೆ ಹೇಗೂ ಸವೆದಿದೆ, ಮಸಿ ಕದಡ್ತಿದೆ. ಅದನ್ನೇ ಹೆರೆದು ನುಣ್ಣಗೆ ಮಾಡ್ಕೊ.”

ಆ ಮಾತಿಗೆ ತಾಂಗ್ಲಿಯ ಕೈಯಲ್ಲಿದ್ದ ಚಮಚ ನಿಂತಿತು. ಸುಯುನ್ ಅದನ್ನು ಕಂಡಳು.

“ಹೆರೆಯಲ್ಲ. ಬೆನ್ನು ಖಾಲಿ ಇದೆಯಲ್ಲ, ಹಿಂಬದೀಲಿ ಕೆತ್ತುತ್ತೀನಿ,” ಎಂದಳು. “ಅಕ್ಕನ ಗೆರೆ ಹಾಗೇ ಇರ್ಲಿ.”

ಅವಳ ಮನಸ್ಸಿನಲ್ಲಿ ಇದ್ದದ್ದು ಮರ್ಯಾದೆಯೇ. ಹುಡುಗಿಯ ಕಿವಿಗೆ ಬಿದ್ದದ್ದು ಬೇರೆ: ಇಷ್ಟು ದಿನ ಅಮ್ಮನ ಅಡುಗೆಮನೆಯಲ್ಲಿ ಕೂತವಳು ಇನ್ನು ಅಮ್ಮನ ಬೆನ್ನ ಮೇಲೂ ಕೂರುತ್ತಾಳೆ. ತಾಂಗ್ಲಿ ಬಟ್ಟಲು ತೊಳೆದಿಟ್ಟು ಹೊರಗೆ ಹೋದಳು.

ಮುದುಕ ಎರಡು ಕೈಯಲ್ಲಿ ಕುಂಚ ಹಿಡಿದು, ಉಸಿರು ಬಿಗಿಹಿಡಿದು ಚಿತ್ರ ಬರೆದುಕೊಟ್ಟ. ಬರೆದು ಮುಗಿಸಿ ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಆ ತೆಳು ಕಾಗದವನ್ನು ಸುಯುನ್ ಹಲಗೆಗೆ ಮುಖ ಅಡಿಯಾಗಿ ಅಂಟಿಸಿದಳು. ಹಾಗೆ ಅಂಟಿಸಿದ ಚಿತ್ರ ಮತ್ತೆ ಕೈಗೆ ಸಿಗುವುದಲ್ಲ. ಗೆರೆಯ ಸುತ್ತ ಉಳಿ ಓಡಿದಂತೆಲ್ಲ ಕಾಗದವೂ ಚೂರಾಗಿ ಹೋಗುತ್ತದೆ, ಕೊನೆಗೆ ಉಳಿಯುವುದು ಮರದ ಗೆರೆ ಮಾತ್ರ. ತಪ್ಪಿದರೆ ತಿರುಗಿ ನೋಡಲು ಏನೂ ಇರುವುದಿಲ್ಲ. ಅಂಥ ಕೆಲಸಕ್ಕೆ ಕೂರುವಾಗ ಬೇರೆಯವರಾದರೆ ದೇವರಿಗೆ ಕೈಮುಗಿಯುತ್ತಾರೆ. ಸುಯುನ್ ಕತ್ತಿ ಮಸೆದುಕೊಂಡಳು.

ಮೊದಲು ದೇವರನ್ನು ಮುಗಿಸಿದಳು. ಆಮೇಲೆ ಹಿರಿಯಳನ್ನು. ಹಿರಿಯಳ ಮುಖಕ್ಕೆ ಕೈಲಾದದ್ದನ್ನೆಲ್ಲ ಹಾಕಿದಳು. ಹುಬ್ಬು ಕೂದಲೆಳೆಯಷ್ಟು ತೆಳುವಾಗಿ ನಿಂತಿತು, ಮಾವನೇ ಬೆರಳಾಡಿಸಿ ನೋಡಿ “ಹ್ಞೂಂ” ಅಂದ. ಆ ಮುದುಕನ ಬಾಯಲ್ಲಿ ಅದು ದೊಡ್ಡ ಬಹುಮಾನ. ಕೊನೆಗೆ ಕಿರಿಯಳ ಮುಖಕ್ಕೆ ಬಂದಾಗ ಸುಯುನ್‌ಗೆ ಯಾಕೋ ನಾಚಿಕೆಯಾಯಿತು. ತನ್ನನ್ನು ತಾನೇ ಕೆತ್ತಿಕೊಂಡು ಕೂರುವುದೇ ಅನ್ನಿಸಿ ಗೆರೆಗಳನ್ನು ದಪ್ಪವಾಗಿಯೇ ಬಿಟ್ಟು, ಆಮೇಲೆ ತೆಳು ಮಾಡಿದರಾಯಿತು ಎಂದು ಹಲಗೆಗೆ ಬಟ್ಟೆ ಮುಚ್ಚಿದಳು.

ಮಾರನೆಯ ದಿನ ಪಕ್ಕದ ಬೀದಿಯಲ್ಲಿ ಮದುವೆ. ಗಂಡಸರು ಬೆಳಿಗ್ಗೆಯೇ ಹೋದರು. ತಾಂಗ್ಲಿ ಹೊಟ್ಟೆನೋವೆಂದು ಒಲೆಯ ಬಿಸಿಯಿಂದ ಕಾಯುವ, ಮಲಗಲೆಂದೇ ಕಟ್ಟಿದ ಇಟ್ಟಿಗೆಯ ಜಗಲಿಯ ಮೇಲೆ ಹೊದ್ದು ಮಲಗಿದಳು. ಊಟ ಮುಗಿಯುತ್ತಲೇ ಸುಯುನ್ ಹುಡುಗಿಗೆಂದು ಸೆರಗಿನಷ್ಟು ಅಗಲದ ಕರವಸ್ತ್ರದಲ್ಲಿ ನಾಲ್ಕು ಬಿಸಿ ಬನ್ನು ಕಟ್ಟಿಕೊಂಡು ಮನೆಗೆ ಬಂದಳು. ಹುಡುಗಿ ಗೋಡೆಗೆ ಮುಖ ಮಾಡಿ ಮಲಗಿತ್ತು. ಅಚ್ಚಿನ ಕೋಣೆಯ ಬಾಗಿಲು ತೆರೆದಿತ್ತು.

ಹಲಗೆಯ ಮೇಲಿನ ಬಟ್ಟೆ ನೆಲದಲ್ಲಿ ಬಿದ್ದಿತ್ತು. ಒಂದು ಮುಖವಿದ್ದ ಜಾಗದಲ್ಲಿ ಗುಳಿ. ಅಗಲದ ಉಳಿಯಿಂದ ಮೇಲಿಂದ ಮೇಲೆ ಹೊಡೆದಿದ್ದಾಳೆ, ಹುಬ್ಬು ಕಣ್ಣು ತುಟಿ ಏನೂ ಉಳಿದಿಲ್ಲ.

ಸುಯುನ್ ಹಲಗೆಗೆ ಬಗ್ಗಿದಳು. ನನ್ನ ಮುಖ ಕಿತ್ತುಹಾಕಿದಳು ಎಂದುಕೊಂಡಳು. ಮೂರು ವರ್ಷ ಬಡಿಸಿದ ಅನ್ನ, ಹೆಣೆದ ಜಡೆ, ಹೊಲಿದ ಹತ್ತಿಯ ಅಂಗಿ ಎಲ್ಲ ಒಂದೇ ಸಲ ನೆನಪಿಗೆ ಬಂತು. ಆಮೇಲೆ ಅವಳ ಕೆತ್ತುವ ಕಣ್ಣು ತೆರೆಯಿತು. ಗುಳಿ ಇದ್ದದ್ದು ಹಲಗೆಯ ಎಡಗಡೆ. ಹಲಗೆಯಲ್ಲಿ ಎಡಕ್ಕಿರುವುದು ಕಾಗದದಲ್ಲಿ ಬಲಕ್ಕೆ ಬರುತ್ತದೆ. ಮಸಿಯ ನಡುವೆಯೇ ಹುಟ್ಟಿ ಬೆಳೆದ ಹುಡುಗಿ, ಕೋಪದಲ್ಲಿ, ಗೋಡೆಯ ಮೇಲಿನ ಚಿತ್ರವನ್ನು ನೋಡುವ ಹಾಗೆ ಹಲಗೆಯನ್ನು ನೋಡಿದ್ದಾಳೆ. ಎಡಗಡೆ ಕೂತವಳು ಕಿರಿಯಳು ಎಂದುಕೊಂಡು ಹೊಡೆದಿದ್ದಾಳೆ.

ಒಂದು ಗಳಿಗೆ ಸುಯುನ್‌ಗೆ ಸಂತೋಷವಾಯಿತು. ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನನ್ನ ಮುಖ ಉಳಿಯಿತು, ಬೇಕಾಗಿತ್ತು ಇವಳಿಗೆ, ಎಂದಿತು ಮನಸ್ಸು. ಹಾಗೆ ಅಂದ ಮನಸ್ಸನ್ನು ಕಂಡು ಅವಳಿಗೇ ಅಸಹ್ಯವಾಯಿತು. ಬಾಗಿಲಿಗೆ ಒರಗಿ ಕೂತು ಬನ್ನಿನ ಗಂಟನ್ನು ಮಡಿಲಲ್ಲಿಟ್ಟುಕೊಂಡಳು.

ಗಂಡಸರು ಬಂದರು. ದೆಲಿನ್ ಹಲಗೆ ನೋಡಿ “ಅಯ್ಯೋ” ಅಂದ, ಮಗಳು ಮಲಗಿದ್ದ ಕಡೆ ನೋಡಿದ, ಹೆಂಡತಿಯನ್ನು ನೋಡಿದ, ಯಾವ ಕಡೆಗೂ ಹೋಗಲಾರದೆ ನಡುವೆ ನಿಂತ. ಮುದುಕನಿಗೆ ಮದುವೆಯ ಹೆಂಡ ಅರ್ಧ ಇಳಿದುಹೋಯಿತು. ಹಲಗೆಯನ್ನು ಬೆಳಕಿಗೆ ತಿರುಗಿಸಿ ಗುಳಿಗೆ ಬೆರಳು ಹಾಕಿ ನೋಡಿದ.

“ಇನ್ನೊಂದು ಸಲ ಬರೆಯೋಕೆ ನನ್ನ ಕೈಲಾಗಲ್ಲ,” ಎಂದ. “ವ್ಯಾಪಾರದವರು ಇನ್ನೇನು ಬಂದ್ಬಿಡ್ತಾರೆ. ಒಂದು ದಾರಿ ಇದೆ ನೋಡು. ಈ ಆಸನವನ್ನೇ ಪೂರ್ತಿ ಕೆತ್ತಿ ತೆಗೆದ್ಬಿಡು. ಅಲ್ಲೊಂದು ಹೂದಾನಿ ಕೂರಿಸು. ದೇವರು, ಒಬ್ಬಳು ಹೆಂಡತಿ. ಒಂದು ಆಸನದ್ದೇ ಆಯ್ತು, ಗೆರೆನೂ ಹೊಸದು. ಯಾರು ಕೇಳ್ತಾರೆ?”

“ಉಳಿದವಳು ಕಿರಿಯಳು, ಮಾವ.”

“ಒಬ್ಬಳೇ ಇದ್ಮೇಲೆ ಹಿರಿಯಳು ಯಾರು ಕಿರಿಯಳು ಯಾರು? ನಿನಗೂ ಒಳ್ಳೇದೇ ಆಯ್ತಲ್ಲ.”

ಮುದುಕ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಿಜಕ್ಕೂ ಒಳ್ಳೆಯದೇ ಆಗುತ್ತಿತ್ತು. ಅಡುಗೆಮನೆಯ ಗೋಡೆಯಲ್ಲಿ ದೇವರ ಪಕ್ಕ ಅವಳೊಬ್ಬಳೇ, ಕೇಳುವವರಿಲ್ಲ, ಹೇಳುವವರಿಲ್ಲ. ಕಿತ್ತವಳು ಅವಳಲ್ಲ, ಪಾಪ ಅವಳದ್ದಲ್ಲ.

“ಆಗಲ್ಲ,” ಎಂದಳು ಸುಯುನ್. “ನನಗೆ ಜಾಗ ಬೇಕು ಅಂದೆ. ಅವಳ ಜಾಗ ಬೇಕು ಅಂದೆನಾ?”

“ಮತ್ತೇನ್ ಮಾಡ್ತೀಯಾ?”

“ತೇಪೆ ಹಾಕಿ ಮುಖ ಕೆತ್ತಬೇಕು.”

“ಕೆತ್ತು, ಬೇಡ ಅಂದೋರ್ಯಾರು?”

“ನಾನಲ್ಲ. ಕಿತ್ತವಳು ಕೆತ್ತುತ್ತಾಳೆ.”

ಮುದುಕ ಹೊಗೆಕೊಳವೆಯನ್ನು ಬಾಯಿಂದ ತೆಗೆದ. “ಹೆಣ್ಣುಮಗಳ ಕೈಗೆ ಉಳಿ? ಈ ಮನೇಲಿ? ನಾಳೆ ಯಾವ ಊರಿನ ಅಚ್ಚಿನ ಮನೆಗೆ ಹೋಗಿ ಕೂರ್ತಾಳೋ ಏನೋ. ನಮ್ಮ ವಿದ್ಯೆನ ನಮಗೇ ಎದುರು ತಂದಿಡ್ತಾಳೆ.”

“ನೀವು ಕೊಡ್ಲಿಲ್ಲ ಮಾವ, ಅವಳೇ ತಗೊಂಡಾಯ್ತು. ಗುಳಿ ನೋಡಿದ್ರಲ್ಲ, ಎಷ್ಟು ಗಟ್ಟಿಯಾಗಿ ಹಿಡ್ದಿದಾಳೆ. ಕೆಡ್ಸೋದನ್ನ ಕಲ್ತಾಯ್ತು, ಅಷ್ಟಕ್ಕೇ ಬಿಟ್ರೆ ಅದೊಂದೇ ವಿದ್ಯೆ ಅವಳ ಹತ್ರ ಉಳಿಯತ್ತೆ.”

“ನಾನು ಒಪ್ಪಲ್ಲ.”

“ಒಪ್ಪಬೇಡಿ. ಜಗಲಿ ಬಿಸಿಯಾಗಿದೆ, ಹೋಗಿ ಕಾಲು ಚಾಚ್ಕೊಳಿ. ಒಪ್ಪದೇ ಇರೋಕೆ ಅದೇ ಒಳ್ಳೇ ಜಾಗ.”

ಇಂಥ ಮಾತಾಡಿದ ಸೊಸೆಯನ್ನು ಬೇರೆ ಮನೆಯಲ್ಲಾದರೆ ತವರಿಗೆ ಕಳಿಸುತ್ತಿದ್ದರು. ಮುದುಕ ಬಾಯಿ ತೆರೆದ, ಮಗನ ಕಡೆ ನೋಡಿದ, ಅಲ್ಲಿಂದ ಏನೂ ಸಿಗುವುದಿಲ್ಲವೆಂದು ಹಳೆಯ ಅನುಭವದಿಂದ ತಿಳಿದು ಬಾಯಿ ಮುಚ್ಚಿದ.

ಸುಯುನ್ ಹುಡುಗಿಯ ಹೊದಿಕೆ ಎಳೆದಳು. “ಏಳು. ಬನ್ನು ಆಮೇಲೆ ತಿನ್ನುವಿಯಂತೆ, ಬಾ.”

ತಾಂಗ್ಲಿ ಬಂದು ಹಲಗೆಯ ಮುಂದೆ ತಲೆ ತಗ್ಗಿಸಿ ನಿಂತಳು. ಏಟಿಗೆ ಕಾಯುತ್ತಿದ್ದಳು. ಬೆನ್ನು ಸೆಟೆದುಕೊಂಡಿತ್ತು, ಮುಖದಲ್ಲಿ ಹೆದರಿಕೆಯ ಸುಳಿವೇ ಇರಲಿಲ್ಲ. ಮಾಡಿದ್ದೇನೆ, ಏನು ಬೇಕಾದರೂ ಮಾಡಿಕೋ, ಎಂಬ ಠೀವಿ.

ಸುಯುನ್ ಮಸಿಯಲ್ಲಿ ಕುಚ್ಚು ಅದ್ದಿ ಹಲಗೆಯ ಮೇಲೆಲ್ಲ ಆಡಿಸಿದಳು. ಕಾಗದ ಹಾಸಿ ನಾರಿನ ಉಜ್ಜುಗದಿಂದ ಉಜ್ಜಿದಳು. ಕಾಗದವನ್ನು ಮೂಲೆಯಿಂದ ಎತ್ತಿ, ತಿರುಗಿಸಿ, ಹುಡುಗಿಯ ಎದುರು ಹಿಡಿದಳು.

ನಡುವೆ ದೇವರು. ಎಡಗೈ ಕಡೆ ದಪ್ಪ ಗೆರೆಯ ಕಿರಿಯಳು ಕ್ಷೇಮವಾಗಿ ಕೂತಿದ್ದಳು. ಬಲಗೈ ಕಡೆ ಕಿರೀಟದ ಕೆಳಗೆ ಬರೀ ಬಿಳಿ ಕಾಗದ.

“ಅದು ಯಾರ ಜಾಗ?” ಎಂದು ಕೇಳಿದಳು ಸುಯುನ್.

ತಾಂಗ್ಲಿ ಚಿತ್ರ ನೋಡಿದಳು. ಹಲಗೆ ನೋಡಿದಳು. ಮತ್ತೆ ಚಿತ್ರ ನೋಡಿದಳು. ಠೀವಿ ಎಲ್ಲ ಸರ್ರನೆ ಇಳಿದುಹೋಗಿ ಮುಖ ಬಿಳಿಚಿತು. ಅಲ್ಲೇ ನೆಲದ ಮೇಲೆ ಕೂತು, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಅಮ್ಮ ಸತ್ತಾಗ ಕೂಡ ಆ ಮಗು ಹಾಗೆ ಅತ್ತಿರಲಿಲ್ಲವೆಂದು ದೆಲಿನ್ ಆಮೇಲೆ ಹೇಳಿದ. ಆಗ ಅಳುವಷ್ಟು ಗೊತ್ತಾಗಿರಲಿಲ್ಲ, ಈಗ ಗೊತ್ತಾಗುತ್ತಿತ್ತು.

ಸುಯುನ್‌ಗೆ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು. ತಬ್ಬಿಕೊಂಡರೆ ಇವಳು ಮತ್ತೆ “ಹೂಂ ಚಿಕ್ಕಮ್ಮ” ಆಗಿಬಿಡುತ್ತಾಳೆ ಎಂದು ಹಲ್ಲು ಕಚ್ಚಿ ನಿಂತಳು. ಅಳು ತಾನಾಗಿ ಸೋತಾಗ ಸಣ್ಣ ಉಳಿಯನ್ನು ಅವಳ ಮುಂದಿಟ್ಟಳು.

“ಗುಳಿಯನ್ನ ಚೌಕ ಮಾಡು. ಅಂಚು ನೇರ ಬರ್ಬೇಕು. ತೇಪೆ ಕೂರೋಷ್ಟು ಆಳ ತೋಡು, ಅದಕ್ಕಿಂತ ಜಾಸ್ತಿ ಬೇಡ. ಹಿಂಬದೀಲಿ ಏನಿದೆ ಗೊತ್ತಲ್ಲ?”

“ಅಮ್ಮನ ಗೆರೆ.”

“ಹಲಗೆ ದಪ್ಪ ಇಲ್ಲ. ಕೋಪದಲ್ಲಿ ಹೊಡೆದ್ರೆ ಆ ಕಡೆ ಸೀಳತ್ತೆ. ಈಗ ಆಗಿದ್ದಕ್ಕೆ ತೇಪೆ ಇದೆ, ಅದಕ್ಕೆ ಇಲ್ಲ.”

“ನನ್ನ ಕೈ ನಡುಗ್ತಿದೆ.”

“ನಿಲ್ಲೋವರೆಗೂ ಕೂತ್ಕೊ. ನಾನೂ ಕೂತಿರ್ತೀನಿ.”

ಕೂತರು. ದೆಲಿನ್ ಬಂದು ಇಣುಕಿ ಹೋದ. ಮುದುಕ ಜಗಲಿಯ ಮೇಲಿಂದ ಕೆಮ್ಮಿ ಕೆಮ್ಮಿ ತನ್ನ ಅಸಮ್ಮತಿಯನ್ನು ತಿಳಿಸುತ್ತಿದ್ದ. ಹುಡುಗಿ ಉಳಿ ಎತ್ತಿದಳು. ಮೊದಲ ಏಟು ಇಲಿ ಕಚ್ಚಿದಷ್ಟೂ ಬೀಳಲಿಲ್ಲ. ಎರಡನೆಯದು ಬಿತ್ತು. ಆಮೇಲೆ ಅವಳು ಹಲಗೆಯನ್ನು ಬಗ್ಗಿ ನೋಡುತ್ತ, ಬೆರಳಿನಿಂದ ಆಳ ಮುಟ್ಟಿ ನೋಡುತ್ತ, ಪ್ರತಿ ಸಿಬಿರನ್ನೂ ಊದಿ ತೆಗೆಯುತ್ತ ಮುಂದುವರಿದಳು. ಸುಯುನ್ ಏನೂ ಹೇಳಿಕೊಡಬೇಕಾಗಲಿಲ್ಲ. ಉಳಿಯ ಹಿಡಿಯನ್ನು ಅಂಗೈಗೆ ಒತ್ತಿಕೊಂಡು ಹೆಬ್ಬೆರಳಿನಿಂದ ತಡೆಯುವ ಆ ರೀತಿ ಕಲಿತು ಬರಲು ಸುಯುನ್‌ಗೆ ಒಂದು ಇಡೀ ಚಳಿಗಾಲ ಹಿಡಿದಿತ್ತು. ಇವಳಿಗೆ ಹುಟ್ಟುವಾಗಲೇ ಬಂದಿದೆ. ಹೊಟ್ಟೆಕಿಚ್ಚಾಯಿತು, ಆಮೇಲೆ ಕಣ್ಣು ತುಂಬಿತು.

ತೇಪೆಗೆ ಹಳೆಯ ಮುರಿದ ಅಚ್ಚೊಂದರಿಂದ ಚೂರು ಕತ್ತರಿಸಿ, ಅಂಟು ಸವರಿ ಬಡಿದು ಕೂರಿಸಿದರು. ಅಂಟು ಒಣಗಿದ ಮೇಲೆ ನುಣ್ಣಗೆ ಉಜ್ಜಿದರು. ಈಗ ಗುಳಿಯ ಜಾಗದಲ್ಲಿ ಬೋಳು ಮರದ ಚೌಕ, ಮೊಟ್ಟೆಯ ಹಾಗೆ ಏನೂ ಇಲ್ಲದ್ದು. ಸುಯುನ್ ಹುಡುಗಿಯ ಕೈಗೆ ಕುಂಚ ಕೊಟ್ಟಳು.

“ಬರಿ.”

“ದೇವಿ ಮುಖಾನಾ?”

“ನಿಮ್ಮಮ್ಮನ ಮುಖ. ಅವಳ ಆಸನ ಅದು.”

ತಾಂಗ್ಲಿ ಕುಂಚ ಹಿಡಿದು ಕೂತೇ ಇದ್ದಳು. ಕುಂಚದ ತುದಿಯ ಮಸಿ ಒಣಗಿತು. ಸುಯುನ್ ಮತ್ತೆ ಅದ್ದಿ ಕೊಟ್ಟಳು. ಮತ್ತೆ ಒಣಗಿತು.

“ನೆನಪಿಲ್ಲ,” ಎಂದಳು ಹುಡುಗಿ ಕೊನೆಗೆ. ಧ್ವನಿ ಬಾವಿಯೊಳಗಿಂದ ಬಂದ ಹಾಗಿತ್ತು. “ಕೈ ನೆನಪಿದೆ. ಅಂಗಿ ಬಣ್ಣ ನೆನಪಿದೆ. ಮುಖ ಮರ್ತೋಯ್ತು ಚಿಕ್ಕಮ್ಮ. ನೀನು ಬಂದ್ಮೇಲೆ, ನೀನೇ ದಿನಾ ಎದುರಿಗಿದ್ದು, ಮರ್ತೋಯ್ತು.”

ಆ ಒಂದು ಮಾತಿಗೆ ಮೂರು ವರ್ಷದ ಗಂಟು ಬಿಚ್ಚಿಕೊಂಡಿತು. ಹುಡುಗಿಯ ಸಿಟ್ಟು ತನ್ನ ಮೇಲೆ ಎಂದು ಸುಯುನ್ ಇಷ್ಟು ದಿನ ತಿಳಿದಿದ್ದಳು. ಅದು ಮರೆವಿನ ಮೇಲಿನ ಸಿಟ್ಟು. ಮರೆಸಿದವಳು ಎದುರಿಗಿದ್ದಾಳೆ, ಅಷ್ಟೇ.

ಅವಳು ಗಂಡಸರನ್ನು ಕರೆದಳು. “ಅಕ್ಕನ ಮುಖ ಹೇಗಿತ್ತು ಹೇಳಿ.”

“ದುಂಡಗಿತ್ತು,” ಎಂದ ದೆಲಿನ್.

“ಎಲ್ಲಿ ದುಂಡಗಿತ್ತೋ? ಉದ್ದ ಮುಖ,” ಎಂದ ಮುದುಕ. ಒಪ್ಪುವುದಿಲ್ಲವೆಂದಿದ್ದವನು ಯಾವಾಗಲೋ ಜಗಲಿಯಿಂದಿಳಿದು ಬಾಗಿಲ ಹತ್ತಿರ ಬಂದಿದ್ದ.

“ದುಂಡಗೇ ಇತ್ತಪ್ಪ. ನಾನು ಮದುವೆಯಾದೋನು.”

“ನೀನು ಮದುವೆಯಾದ ದಿನ ನೆಲ ನೋಡ್ತಿದ್ದೆ, ಆಮೇಲೆ ತಟ್ಟೆ ನೋಡ್ತಿದ್ದೆ. ಎದುರಿಗೆ ಕೂರಿಸ್ಕೊಂಡು ವಿದ್ಯೆ ಹೇಳಿಕೊಟ್ಟೋನು ನಾನು.”

“ಹಾಗಾದ್ರೆ ಮೂಗು ಹೇಗಿತ್ತು ಮಾವ?”

ಮುದುಕ ಗಡ್ಡ ನೀವಿಕೊಂಡ. “ಮೂಗು... ಮೂಗಿನ ಹಾಗಿತ್ತು,” ಎಂದ. ನಾನು ನೋಡುತ್ತಿದ್ದದ್ದು ಅವಳ ಕೈಯನ್ನು ಎಂದು ಮೆಲ್ಲಗೆ ಸೇರಿಸಿದ.

ಒಂದು ಮನೆಯಲ್ಲಿ ಬಾಳಿ ಬದುಕಿ ಹೋದವಳ ಮೂಗು ಯಾರಿಗೂ ನೆನಪಿಲ್ಲ. ಸುಯುನ್‌ಗೆ ಆ ಕಾಣದ ಹೆಂಗಸಿನ ಮೇಲೆ ಎಲ್ಲಿಲ್ಲದ ಕರುಣೆ ಬಂತು, ನಾಳೆ ನನ್ನ ಗತಿಯೂ ಇದೇ ಎಂಬ ಹೆದರಿಕೆಯೂ ಬಂತು. ಇವರನ್ನು ನಂಬಿ ಕೂತರೆ ಆಗುವುದಲ್ಲ. ಅವಳು ತಾಂಗ್ಲಿಯ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. ಮುದುಕನನ್ನು ನೋಡಿದಳು, ದೆಲಿನ್‌ನನ್ನು ನೋಡಿದಳು, ಮತ್ತೆ ಹುಡುಗಿಯನ್ನು ನೋಡಿದಳು.

“ಕಿವಿ ನಿಮ್ಮ ಮನೆಯದು. ಆ ಜಾಡಿ ಹಿಡಿಯಂಥ ಕಿವಿ ಬೇರೆ ಎಲ್ಲೂ ಸಿಗಲ್ಲ,” ಎಂದಳು. “ಹಣೆನೂ ನಿಮ್ಮದೇ. ಎರಡೂ ಕಿರೀಟದ ಒಳಗೆ ಮುಚ್ಚಿಹೋಗತ್ತೆ, ದೇವರು ದೊಡ್ಡವನು. ಈ ಹುಬ್ಬು ನಿಮ್ಮಿಬ್ಬರಿಗೂ ಇಲ್ಲ. ಈ ಮೂಗು ಇಲ್ಲ. ಗದ್ದ ಇಲ್ಲ. ನಿಮ್ಮದು ಯಾವುದೋ ಅದನ್ನ ತೆಗೆದಿಟ್ರೆ ಮಿಕ್ಕಿದ್ದೆಲ್ಲ ಅವಳದ್ದೇ ತಾನೇ? ಮತ್ತೆ ಎಲ್ಲಿಂದ ಬರತ್ತೆ?”

ಅವಳು ಹೋಗಿ ಅಗಲದ ಮಣ್ಣಿನ ಬೋಗುಣಿಯಲ್ಲಿ ನೀರು ತುಂಬಿ ತಂದು ಹಲಗೆಯ ಪಕ್ಕ ಇಟ್ಟಳು.

“ಬಗ್ಗಿ ನೋಡು. ಕಂಡದ್ದನ್ನ ಕಂಡ ಹಾಗೇ ಮರದ ಮೇಲೆ ಬರಿ. ನೀರಿನಲ್ಲಿ ಕಾಣೋದು ಎಡಬಲ ತಿರುಗಿ ಕಾಣತ್ತೆ. ಹಲಗೆಗೂ ಹಾಗೇ ಬೇಕು. ಕಾಗದಕ್ಕೆ ಬಂದಾಗ ಸರಿಯಾಗತ್ತೆ.”

ತಾಂಗ್ಲಿ ಬಗ್ಗಿದಳು. ಬಹಳ ಹೊತ್ತು ಬರೀ ನೋಡಿದಳು. ತನ್ನ ಮುಖದಲ್ಲಿ ಇನ್ನೊಬ್ಬರನ್ನು ಹುಡುಕುವವರ ನೋಟ ಅದು. ಸುಯುನ್ ಕಣ್ಣು ತಪ್ಪಿಸಿಕೊಂಡಳು. ಕುಂಚ ಮರವನ್ನು ಮುಟ್ಟಿತು. ಒಂದು ಹುಬ್ಬು, ಅದಕ್ಕಿಂತ ಕೊಂಚ ಮೇಲೆ ಇನ್ನೊಂದು. ಮಾವ ಉಸಿರು ಬಿಡುವುದು ಕೇಳಿಸಿತು.

ಮುಖ ಕೆತ್ತಿ ಮುಗಿಯಲು ದಿನಗಳೇ ಹಿಡಿದವು. ಆ ದಿನಗಳಲ್ಲಿ ಮೊದಲ ವ್ಯಾಪಾರಿ ಬಂದು ಹೋದ. ಎರಡು ಆಸನದ್ದು ಇನ್ನೂ ಆಗಿಲ್ಲವೇ ಎಂದು ಮೂಗು ಮುರಿದ. “ಆಗತ್ತೆ, ಕಾಯಿರಿ,” ಎಂದಳು ಸುಯುನ್. ಬೇರೆ ಮನೆಗೆ ಹೋಗುತ್ತೇನೆ ಎಂದ. “ಹೋಗಿ ನೋಡ್ಕೊಂಡು ಬನ್ನಿ,” ಎಂದಳು. ಅಡುಗೆಯನ್ನು ಅವಳೇ ಮಾಡಿದಳು, ಹುಡುಗಿಯ ಪಾಲಿನ ನೀರನ್ನೂ ಅವಳೇ ಹೊತ್ತಳು. ದೆಲಿನ್ ಹೇಳಿಸಿಕೊಳ್ಳದೆಯೇ ಉಳಿ ಮಸೆದುಕೊಟ್ಟ. ಮುದುಕ ಹಲಗೆಯ ಹಿಂದೆ ಸ್ಟೂಲು ಹಾಕಿಕೊಂಡು “ಒಪ್ಪಿಲ್ಲ ನಾನು” ಎನ್ನುತ್ತ “ಕತ್ತಿ ಓರೆ ಮಾಡು, ಓರೆ” ಎಂದು ಹೇಳಿಕೊಡುತ್ತಿದ್ದ.

ಮುಗಿದ ದಿನ ಮಸಿ ಹಚ್ಚಿ ಕಾಗದ ಹಾಸಿದವಳು ತಾಂಗ್ಲಿಯೇ. ಉಜ್ಜಿ, ಎತ್ತಿ, ತಾನು ನೋಡದೆ ಮೊದಲು ತಾತನ ಮುಂದೆ ಹಿಡಿದಳು.

ಮುದುಕ ನೋಡಿದ. ಅವನ ನಡುಗುವ ಕೈ ಕಾಗದದ ಬಲಗಡೆಯ ಮುಖದ ಹತ್ತಿರ ಹೋಗಿ, ಹಸಿ ಮಸಿ ಎಂದು ನೆನಪಾಗಿ ನಿಂತಿತು.

“ಬಲ ಹುಬ್ಬು,” ಎಂದ. “ನನ್ನ ಕೆಲಸದಲ್ಲಿ ತಪ್ಪು ಕಂಡಾಗ ಬಾಯಿ ಬಿಡ್ತಿರ್ಲಿಲ್ಲ, ಆ ಹುಬ್ಬು ಎತ್ತೋಳು.” ಮತ್ತೆ ಬಗ್ಗಿ ನೋಡಿ ಹೇಳಿದ: “ಕೊನೇ ವರ್ಷ ಕೆನ್ನೆ ಇಳಿದಿತ್ತು. ಇದು ಈ ಮನೆಗೆ ಬಂದ ಹೊಸದ್ರಲ್ಲಿದ್ದ ಮುಖ.”

ದೆಲಿನ್ ಗೋಡೆಯ ಕಡೆ ತಿರುಗಿ ನಿಂತ. ಅವನ ಭುಜ ಅಲುಗುತ್ತಿತ್ತು. ಒಳ್ಳೆಯವನು ಎಂಬುದನ್ನು ಬಿಟ್ಟು ಅವನ ಬಗ್ಗೆ ಹೇಳಲು ಇನ್ನೂ ಒಂದು ಮಾತಿತ್ತು ಎಂದು ಸುಯುನ್‌ಗೆ ಆಗ ಗೊತ್ತಾಯಿತು.

ತಾಂಗ್ಲಿ ಈಗ ಚಿತ್ರವನ್ನು ತನ್ನ ಕಡೆ ತಿರುಗಿಸಿಕೊಂಡಳು. ಅಮ್ಮನ ಮುಖವನ್ನು ಮನಸ್ಸು ತುಂಬುವಷ್ಟು ನೋಡಿದಳು. ಆಮೇಲೆ ಅವಳ ಕಣ್ಣು ನಿಧಾನವಾಗಿ ದೇವರನ್ನು ದಾಟಿ ಎಡಗೈ ಕಡೆಯ ಆಸನಕ್ಕೆ ಹೋಯಿತು. ಅಲ್ಲಿ ದಪ್ಪ ಗೆರೆಯ ಕಿರಿಯಳು, ಕಡುಬಿನಂಥ ಮೂಗು ಹೊತ್ತು, ಕರೆಯದೆ ಬಂದ ನೆಂಟರ ಹಾಗೆ ಕೂತಿದ್ದಳು.

“ಈ ಮೂಗು ಚೆನ್ನಾಗಿಲ್ಲ,” ಎಂದಳು ತಾಂಗ್ಲಿ. “ನಿನ್ನ ಮೂಗು ಹೀಗೆಲ್ಲಿದೆ?”

“ಸಾಕು ಬಿಡು. ವ್ಯಾಪಾರದವರು ಕಾಯ್ತಿದಾರೆ.”

“ಗೆರೆ ದಪ್ಪ ಇದೆಯಲ್ಲ, ತೆಳು ಮಾಡ್ಬಹುದು. ನಾನು ಮಾಡ್ತೀನಿ.”

ಮುದುಕ ಕೆಮ್ಮಲೂ ಇಲ್ಲ. ಸುಯುನ್ ಹಲಗೆಯ ಮಸಿಯನ್ನು ಒರೆಸಿದಳು. ಅತಿ ಚೂಪಾದ ಕತ್ತಿಯನ್ನು ಆರಿಸಿ, ಹಿಡಿಯನ್ನು ಹುಡುಗಿಯ ಕಡೆ ಮಾಡಿ ಚಾಚಿದಳು. ಹಲಗೆಯ ಬಲಗಡೆಯ ಮುಖದ ಮೇಲೆ ಬೆರಳಿಟ್ಟು ತೋರಿಸಿದಳು.

“ಇದು ನಾನು,” ಎಂದಳು. “ಈ ಸಲ ಸರಿಯಾಗಿ ನೋಡ್ಕೊ.”

ತಾಂಗ್ಲಿ ಕತ್ತಿ ತೆಗೆದುಕೊಂಡಳು. ಬೋಗುಣಿಯನ್ನು ಚಿಕ್ಕಮ್ಮನ ಮುಂದಕ್ಕೆ ತಳ್ಳಿ, ಅವಳ ಕತ್ತನ್ನು ಬಗ್ಗಿಸಿ, ತಾನೂ ಪಕ್ಕದಲ್ಲಿ ಬಗ್ಗಿ ನೀರಿನೊಳಗಿನ ಮುಖವನ್ನು ನೋಡಿದಳು. ಒಂದು ಹನಿ ಬಿತ್ತು. ಅದರ ಹಿಂದೆಯೇ ಇನ್ನೊಂದು.

“ಸುಮ್ನಿರು ಚಿಕ್ಕಮ್ಮ,” ಎಂದು ಗದರಿದಳು ಹುಡುಗಿ. “ನೀರು ಅಲ್ಲಾಡಿದ್ರೆ ನಿನ್ನ ಮುಖ ನನಗೆ ಕಾಣಲ್ಲ.”